ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ನಮ್ಮ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರಿಗೆ, ಅಜ್ಜ-ಅಜ್ಜಿಯರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ಹೋದ ಪೋಷಕರ ಸಭೆಯಲ್ಲಿ ನೀವು ಮೂರು ಮಾತು ಹೇಳಿದಿರಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಆಟ, ಹಾಡು, ಕಾರ್ಡುಗಳಿಂದ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಆಟ ಕಡಿಮೆ ಮಾಡಿ ಕಾಪಿ ಬರೆಸೋದು ಜಾಸ್ತಿ ಮಾಡಿ ಅಂದಿರಿ. ಸಂಜೆ ಕೊನೆಯ ಆಟದ ಪೀರಿಯಡ್ ತೆಗೆದು ಅಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಮತ್ತು ಮಗ್ಗಿ ಬಾಯಿಪಾಠ ಮಾಡಿಸಿ ಅಂದಿರಿ. ಶಾಲೆಯ ಮೈದಾನದಲ್ಲಿ ಅರ್ಧವನ್ನು ಸಮುದಾಯ ಭವನಕ್ಕೆ ಬಿಟ್ಟುಕೊಡೋಣ ಅಂತಲೂ ಕೆಲವರು ಹೇಳಿದಿರಿ. ಅಷ್ಟು ಹೊತ್ತಿಗೆ ಡೇರಿಗೆ ಹಾಲು ಹಾಕುವ ಸಮಯವಾಗಿತ್ತು. ಅರ್ಧ ಜನ ಎದ್ದು ಹೋದಿರಿ. ಉತ್ತರ ಹೇಳಲು ನನಗೆ ಅವಕಾಶ ಸಿಗಲಿಲ್ಲ. ಅದಕ್ಕೇ ಈ ಪತ್ರ. ಇದೇ ಮಾತು ಬೇರೆ ಊರುಗಳ ಶಾಲೆಗಳಲ್ಲೂ ನಡೆಯುತ್ತಿದೆ. ಹಾಗಾಗಿ ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಬೆಳಗ್ಗೆ ಹಳದಿ ವ್ಯಾನ್ ಬಂದು ಪಕ್ಕದ ಮನೆಯ ಮಗುವನ್ನು ಕಾನ್ವೆಂಟ್‌ಗೆ ಕರೆದುಕೊಂಡು ಹೋಗುತ್ತದೆ. ಆ ಮಗುವಿಗೆ ಇನ್ನೂ ನಾಲ್ಕೂವರೆ ವರ್ಷ, ಆಗಲೇ ಒಂದರಿಂದ ನೂರರವರೆಗೆ ಬರೆಯುತ್ತದೆ. ನಿಮ್ಮ ಮಗುವಿಗೆ ಆರು ವರ್ಷ, ಸಂಜೆ ಮನೆಗೆ ಬಂದು ‘ಇವತ್ತು ಹುಣಸೆ ಬೀಜದಲ್ಲಿ ಆಡಿದ್ವಿ’ ಅನ್ನುತ್ತದೆ. ಹೊಟ್ಟೆಯಲ್ಲಿ ಸಂಕಟ ಆಗುತ್ತದೆ ಅಲ್ವಾ? ‘ನಾವಂತೂ ಓದಲಿಲ್ಲ, ಇವರಾದರೂ ಓದಲಿ ಮಿಸ್’ ಅಂತ ಒಬ್ಬ ತಾಯಿ ಹೇಳಿದರು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ನಿಮ್ಮ ಮಕ್ಕಳು ಚೆನ್ನಾಗಿ ಓದಬೇಕು, ಬರೆಯಬೇಕು, ಲೆಕ್ಕ ಮಾಡಬೇಕು, ಇಂಗ್ಲಿಷೂ ಕಲಿಯಬೇಕು. ಅದು ನನಗೂ ಬೇಕು. ಹಾಗೆ ಬೇಕು ಅನ್ನುವುದಕ್ಕೇ ಆಟವನ್ನು ಬಿಡಲು ನಾನು ಒಪ್ಪುತ್ತಿಲ್ಲ.

ನಲಿ-ಕಲಿ ಅನ್ನುವುದು ಯಾರೋ ಮೇಲಿನಿಂದ ತಂದು ಹೇರಿದ್ದು ಅಂತ ಕೆಲವರು ತಿಳಿದಿದ್ದೀರಿ. ಅದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಾಡಂಚಿನ ಊರುಗಳು, ಶಾಲೆ ಬಿಡುವ ಮಕ್ಕಳು ಜಾಸ್ತಿ, ಒಂದೇ ಕೋಣೆಯಲ್ಲಿ ಮೂರು-ನಾಲ್ಕು ತರಗತಿ. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದರು. ಯುನಿಸೆಫ್ ನೆರವು ಸಿಕ್ಕಿತು. ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಆಟ ಹೊಂದಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಮ್ಮ ಮಕ್ಕಳಂಥ ಮಕ್ಕಳಿಗಾಗಿ ನಮ್ಮಂಥ ಶಿಕ್ಷಕರೇ ಮಾಡಿದ ವಿಧಾನ ಇದು. ಅದಕ್ಕೂ ಮೊದಲೇ, 1972ರಲ್ಲಿ, ಶಿಕ್ಷಣ ತಜ್ಞ ಡೇವಿಡ್ ಹಾರ್ಸ್‌ಬರ್ಗ್ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಅನ್ನೋ ಪುಟ್ಟ ಶಾಲೆ ತೆರೆದಿದ್ದರು. ಹಳ್ಳಿ ಮಕ್ಕಳ ಶಾಲೆ. ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯುತ್ತಿದ್ದರು. ಇನ್ನೂ ಹಿಂದೆ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಹಾಡು, ನಾಟಕದಿಂದ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದ್ದರು. ಆಡಿ ಕಲಿಯುವುದು ನಮ್ಮ ನಾಡಿಗೆ ಹೊಸದೇನಲ್ಲ.

‘ಅ ಆ ಇ ಈ ಯಾಕೆ ಬರೆಸೋದಿಲ್ಲ?’ ಅಂತ ಅಜ್ಜಂದಿರು ಕೇಳುತ್ತಾರೆ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಕಾರ್ಡು ಕೊಟ್ಟು ನೋಡಿ. ಮಕ್ಕಳು ನೆಲದ ಮೇಲೆ ಹರಡಿಕೊಂಡು ಜೋಡಿಸುತ್ತಾರೆ. ಸರ. ಅರಸ. ಅಗಸ. ದಸರ. ನಮ್ಮ ಬಡಗಿ ಮನೆಯ ಹುಡುಗ ‘ಗರಗಸ’ ಜೋಡಿಸಿ ಕುಣಿದಾಡಿದ. ಅವನ ಅಪ್ಪನ ಕೈಯಲ್ಲಿ ದಿನಾ ನೋಡುವ ಸಾಮಾನು ಮೂರೇ ಬಗೆಯ ಕಾರ್ಡಿನಲ್ಲಿ ಬಂದುಬಿಟ್ಟಿತ್ತು. ಆಮೇಲೆ ಅವನಿಗೆ ‘ಗ’ ಬರೆಸಲು ನಾನು ಕೋಲು ಹಿಡಿಯಬೇಕಾಗಲಿಲ್ಲ. ಗೋಡೆಯ ಕೆಳಗೆ ಅವನಿಗೆಂದೇ ಇರುವ ಕರಿಹಲಗೆಯಲ್ಲಿ ತಾನೇ ಬರೆದ. ಅ-ದಿಂದ ಳ-ವರೆಗೆ ನೂರು ಸಲ ತಿದ್ದಿದ ಮಗು ಅಕ್ಷರದ ರೂಪ ಕಲಿಯುತ್ತದೆ, ನಿಜ. ಆದರೆ ಅಕ್ಷರ ಸೇರಿದರೆ ಮಾತಾಗುತ್ತದೆ, ಆ ಮಾತು ತನ್ನ ಮನೆಯದ್ದು ಅಂತ ಆ ಮಗುವಿಗೆ ಎಷ್ಟೋ ತಿಂಗಳು ಗೊತ್ತೇ ಆಗುವುದಿಲ್ಲ.

ಇನ್ನು ಹುಣಸೆ ಬೀಜದ ಆಟ. ಚೌಕಾಬಾರ ನಿಮಗೆ ಗೊತ್ತು. ಐದು ಸಾಲು, ಸಾಲಿಗೆ ಐದು ಮನೆ. ನಾಲ್ಕು ಕವಡೆ, ಕವಡೆ ಇಲ್ಲದಿದ್ದರೆ ಉಜ್ಜಿದ ಹುಣಸೆ ಬೀಜ. ನಾಲ್ಕೂ ಮೇಲೆ ಬಿದ್ದರೆ ನಾಲ್ಕು, ಅದು ಚೌಕ. ನಾಲ್ಕೂ ಕವುಚಿ ಬಿದ್ದರೆ ಎಂಟು, ಅದು ಬಾರ. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಕಾಯಿ ಏಳು ಮನೆ ಮುಂದೆ ಇದೆ ಅಂದುಕೊಳ್ಳಿ. ಎರಡನೇ ತರಗತಿಯ ಹುಡುಗಿ ಬೀಜ ಕೈಯಲ್ಲಿ ಕುಲುಕುತ್ತಾ ‘ಚೌಕ ಬಿದ್ದು ಆಮೇಲೆ ಮೂರು ಬಿದ್ದರೆ ನಿನ್ನ ಕಾಯಿ ಹೋಯ್ತು’ ಅನ್ನುತ್ತಾಳೆ. ಅವಳು ಮಾಡಿದ್ದು ಬರೀ ಕೂಡುವ ಲೆಕ್ಕ ಅಲ್ಲ. ಏಳನ್ನು ಹೇಗೆ ಒಡೆಯಬಹುದು, ಅದರಲ್ಲಿ ತನಗೆ ಯಾವುದು ಲಾಭ, ಬೀಳದೇ ಹೋದರೆ ಬೇರೆ ಯಾವ ಕಾಯಿ ನಡೆಸಬೇಕು, ಇಷ್ಟನ್ನೂ ಒಟ್ಟಿಗೆ ಯೋಚಿಸಿದ್ದಾಳೆ. ಅಷ್ಟು ಯೋಚನೆಯನ್ನು ಪಾಟಿ ಮೇಲಿನ 4+3 ಯಾವತ್ತೂ ಕೇಳುವುದಿಲ್ಲ.

ಇದು ನನ್ನೊಬ್ಬಳ ನಂಬಿಕೆ ಅಲ್ಲ. 2008ರಲ್ಲಿ ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಇಬ್ಬರು ಸಂಶೋಧಕರು ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಮನೆಗಳಿರುವ ಒಂದು ಸಾಲಿನ ಆಟ ಆಡಿಸಿದರು. ಹದಿನೈದು ಹದಿನೈದು ನಿಮಿಷದಂತೆ ನಾಲ್ಕು ಸಲ, ಒಟ್ಟು ಒಂದು ಗಂಟೆ. ಅಷ್ಟಕ್ಕೇ ಆ ಮಕ್ಕಳಿಗೆ ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಅನ್ನುವುದು ಸ್ಪಷ್ಟವಾಯಿತು. ಒಂಬತ್ತು ವಾರದ ನಂತರ ನೋಡಿದಾಗಲೂ ಉಳಿದಿತ್ತು. ಇನ್ನೊಂದು ಗುಂಪಿಗೆ ಅದೇ ಆಟವನ್ನು ಸಂಖ್ಯೆ ಇಲ್ಲದೆ, ಬರೀ ಬಣ್ಣದ ಮನೆಗಳಲ್ಲಿ ಆಡಿಸಿದರು. ಆ ಮಕ್ಕಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ ಆಟ ಯಾವುದು, ಅದರೊಳಗೆ ಏನಿದೆ ಅನ್ನುವುದು ಮುಖ್ಯ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ದೆಹಲಿಯಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಬಾಲವಾಡಿಗಳ 1,540 ಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಲೆಕ್ಕದ ಆಟಗಳನ್ನು ಆಡಿಸಿ ನೋಡಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಕೂಡ ಇದ್ದರು. ಆಟದಿಂದ ಮಕ್ಕಳ ಎಣಿಕೆಯ ಅಂದಾಜು, ಆಕಾರದ ಗ್ರಹಿಕೆ ಚೆನ್ನಾಗಿ ಬೆಳೆಯಿತು, ಒಂದು ವರ್ಷದ ಮೇಲೂ ಉಳಿಯಿತು. ಆದರೆ ಶಾಲೆಯಲ್ಲಿ ಬರೆಯುವ ಲೆಕ್ಕ ಅದರಷ್ಟಕ್ಕೇ ಸುಧಾರಿಸಲಿಲ್ಲ. ನನಗೆ ಇದರಲ್ಲಿ ದೊಡ್ಡ ಪಾಠ ಇದೆ. ಸುಮ್ನೆ ಆಡಲು ಬಿಟ್ಟರೆ ಲೆಕ್ಕ ತಾನಾಗಿ ಬರುತ್ತದೆ ಅಂತ ನಾನು ನಿಮಗೆ ಹೇಳುತ್ತಿಲ್ಲ. ಆಟವನ್ನು ಬರಹಕ್ಕೆ ಜೋಡಿಸುವುದು ಶಿಕ್ಷಕರ ಕೆಲಸ. ಅದಕ್ಕೇ ನಮ್ಮ ಕೋಣೆಯಲ್ಲಿ ಚೌಕಾಬಾರ ಮುಗಿದ ಮೇಲೆ ಮಕ್ಕಳು ಯಾರ ಕಾಯಿ ಎಷ್ಟು ಮನೆ ನಡೆಯಿತು ಅಂತ ಬರೆಯುತ್ತಾರೆ. ಚೌಕಕ್ಕೆ 4, ಆಮೇಲೆ 3, ಒಟ್ಟು 7. ನೀವು ಸಂಜೆ ನೋಡುವ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಇರಬಹುದು. ಆ ಸಾಲಿನ ಹಿಂದೆ ಅರ್ಧ ಗಂಟೆಯ ತಲೆ ಓಡಿಸಿದ ಕೆಲಸ ಇದೆ.

ಐದು ಕಲ್ಲಿನ ಆಟದ ಬಗ್ಗೆಯೂ ಒಂದು ಮಾತು. ಒಂದು ಕಲ್ಲು ಮೇಲೆ ಎಸೆದು, ಅದು ಬೀಳುವುದರೊಳಗೆ ನೆಲದ ಕಲ್ಲು ಎತ್ತಿಕೊಂಡು, ಮೇಲಿನದನ್ನು ಹಿಡಿಯಬೇಕು. ಬೆರಳು, ಮಣಿಕಟ್ಟು, ಕಣ್ಣು ಮೂರೂ ಒಂದಾಗಬೇಕು. ಪೆನ್ಸಿಲ್ ಹಿಡಿಯಲು ಬೇಕಾಗಿರುವುದೂ ಅದೇ ತಾನೇ. ಐದು ವರ್ಷದ ಮಗುವಿನ ಮಣಿಕಟ್ಟಿನ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಆ ಕೈಗೆ ನೂರರವರೆಗೆ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯಲು ಕಲಿಯುತ್ತದೆ. ಅದನ್ನು ಬಿಡಿಸಲು ಮೂರನೇ ತರಗತಿಯವರೆಗೂ ಒದ್ದಾಡಬೇಕು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅಂತ ಸರ್ಕಾರ ಹೇಳಿದ್ದರಲ್ಲಿ ಅರ್ಥ ಇದೆ. 2025-26ರ ಒಂದು ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಫಿನ್‌ಲೆಂಡಿನಲ್ಲಿ ಮಕ್ಕಳು ಏಳನೇ ವರ್ಷಕ್ಕೆ ಒಂದನೇ ತರಗತಿಗೆ ಹೋಗುತ್ತಾರೆ. ಅಲ್ಲಿ ಮುಕ್ಕಾಲು ಗಂಟೆ ಪಾಠ ಆದ ಮೇಲೆ ಕಾಲು ಗಂಟೆ ಹೊರಗೆ ಬಿಡುವುದು ರೂಢಿ. ಆ ದೇಶದ ಮಕ್ಕಳು ಓದಿನಲ್ಲೇನೂ ಹಿಂದೆ ಬಿದ್ದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಮಾತಿಗೆ ಬರುತ್ತೇನೆ.

ನಮ್ಮ ಶಾಲೆಯ ಮುಂದಿನ ಗೋಡೆಯ ಮೇಲೆ ನೀವೇ ಚಂದಾ ಹಾಕಿ ಬರೆಸಿದ್ದೀರಿ: ಪ್ರಾಮಾಣಿಕತೆ, ಸಮಾನತೆ, ಸಹಕಾರ, ಧೈರ್ಯ. ಪಕ್ಕದಲ್ಲಿ ಸಂವಿಧಾನದ ಪೀಠಿಕೆ ಇದೆ. 2023ರಲ್ಲಿ ಸರ್ಕಾರ ಶಾಲೆಗಳಲ್ಲಿ ಪೀಠಿಕೆ ಓದಿಸಬೇಕು ಅಂತ ತೀರ್ಮಾನ ಮಾಡಿತು. ನಮ್ಮ ಮಕ್ಕಳು ಪ್ರಾರ್ಥನೆಯ ಹೊತ್ತಿಗೆ ಅದನ್ನು ಚೆನ್ನಾಗಿ ಹೇಳುತ್ತಾರೆ. ‘ಭ್ರಾತೃತ್ವ’ ಅನ್ನುವ ಒತ್ತಕ್ಷರದ ಪದವನ್ನೂ ತಪ್ಪಿಲ್ಲದೆ ಹೇಳುತ್ತಾರೆ. ಆದರೆ ಗೋಡೆಯ ಮೇಲಿನ ಆ ನಾಲ್ಕು ಪದ ಮಕ್ಕಳ ಮೈಗೆ ಹತ್ತುವುದು ಎಲ್ಲಿ ಅಂತ ನೀವು ಯೋಚಿಸಿದ್ದೀರಾ? ನನ್ನ ಕಣ್ಣಿಗೆ ಅದು ಕಂಡಿರುವುದು ಎರಡೇ ಕಡೆ. ಬಿಸಿಯೂಟದ ಸಾಲಿನಲ್ಲಿ, ಮತ್ತು ಮೈದಾನದಲ್ಲಿ.

ಕಬಡ್ಡಿ ನೋಡಿ. ಅದನ್ನು ಮುಟ್ಟದೆ ಆಡಲು ಆಗುವುದಿಲ್ಲ. ಮುಟ್ಟುವುದೇ ಆಟ. ಕೈ ಕೈ ಹಿಡಿದು ಸರಪಳಿ ಕಟ್ಟಬೇಕು, ಕಾಲು ಹಿಡಿದು ಎಳೆಯಬೇಕು, ಒಬ್ಬರ ಮೇಲೊಬ್ಬರು ಬೀಳಬೇಕು, ಬೆವರು ಬೆವರಿಗೆ ಹತ್ತಬೇಕು. ನಮ್ಮ ಊರಿನಲ್ಲಿ ಯಾವ ಬೀದಿಯವರು ಯಾವ ಮನೆಯ ಹೊಸಿಲು ದಾಟುವುದಿಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಮಕ್ಕಳಿಗೂ ಗೊತ್ತು. ಏಳು ವರ್ಷದ ಮಗುವಿಗೆ ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಆದರೂ ಅದು ಕಲಿತುಬಿಟ್ಟಿರುತ್ತದೆ. ಆ ಕಲಿಕೆಯನ್ನು ಕಳಚಲು ನನ್ನ ಹತ್ತಿರ ಇರುವ ಗಟ್ಟಿಯಾದ ಪಾಠ ಕಬಡ್ಡಿ ಒಂದೇ. ‘ಸಮಾನತೆ’ ಅನ್ನುವ ಪಾಠ ಓದಿಸಿ, ಪ್ರಶ್ನೆ ಕೊಟ್ಟು, ಉತ್ತರ ಬರೆಸಿ, ಹತ್ತಕ್ಕೆ ಹತ್ತು ಅಂಕ ಹಾಕಬಹುದು. ಅದೇ ಹುಡುಗ ನೀರು ಕುಡಿಯುವ ಲೋಟ ಬೇರೆ ಇಟ್ಟುಕೊಂಡರೆ ಆ ಅಂಕಕ್ಕೆ ಏನು ಬೆಲೆ? ತನ್ನ ತಂಡದವನು ಔಟ್ ಆಗದಂತೆ ಅವನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡ ಹುಡುಗ ಅವನ ಪಕ್ಕದಲ್ಲಿ ಊಟಕ್ಕೆ ಕೂರಲು ಹಿಂದೆ ಮುಂದೆ ನೋಡುವುದಿಲ್ಲ. ಇದನ್ನು ನಾನು ನಮ್ಮ ಶಾಲೆಯಲ್ಲೇ ಕಂಡಿದ್ದೇನೆ. ಆ ಮೈದಾನ ಕಡಿಮೆಯಾದರೆ ನನಗೆ ಈ ಪಾಠ ಮಾಡಲು ಬೇರೆ ಜಾಗ ಇಲ್ಲ.

ಪ್ರಾಮಾಣಿಕತೆಗೆ ಗೋಲಿ ಆಟ ಸಾಕು. ಜೀನ್ ಪಿಯಾಜೆ ಅಂತ ಸ್ವಿಟ್ಜರ್‌ಲೆಂಡಿನ ಒಬ್ಬ ದೊಡ್ಡ ಮನಶ್ಶಾಸ್ತ್ರಜ್ಞರಿದ್ದರು. ಮಕ್ಕಳಲ್ಲಿ ನ್ಯಾಯ-ಅನ್ಯಾಯದ ತಿಳಿವಳಿಕೆ ಹೇಗೆ ಬೆಳೆಯುತ್ತದೆ ಅಂತ ತಿಳಿಯಲು ಅವರು ಹೋಗಿ ಕೂತಿದ್ದು ಗೋಲಿ ಆಡುವ ಹುಡುಗರ ಹತ್ತಿರ. ಅವರ ಕೆಲಸ 1932ರಲ್ಲಿ ಪ್ರಕಟವಾಯಿತು. ತೀರಾ ಚಿಕ್ಕವರು ತಮ್ಮ ಪಾಡಿಗೆ ತಾವು ಆಡುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ, ನಿಯಮ ಅಂದರೆ ಹಿರಿಯರು ಮಾಡಿದ್ದು, ಅದನ್ನು ಯಾರೂ ಬದಲಾಯಿಸಬಾರದು ಅನ್ನುತ್ತಾರೆ. ಹತ್ತು ವರ್ಷದ ಆಸುಪಾಸಿನಲ್ಲಿ ಇನ್ನೊಂದು ತಿಳಿವಳಿಕೆ ಬರುತ್ತದೆ: ನಿಯಮ ನಾವೇ ಒಪ್ಪಿ ಮಾಡಿಕೊಂಡಿದ್ದು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು, ಬದಲಾಯಿಸಿದ ಮೇಲೆ ಎಲ್ಲರೂ ನಡೆಸಿಕೊಡಬೇಕು. ಆ ತಿಳಿವಳಿಕೆ ಗೆಳೆಯರ ಜೊತೆ ಜಗಳ ಆಡಿ, ಒಪ್ಪಂದ ಮಾಡಿಕೊಂಡು ಬರುತ್ತದೆ, ದೊಡ್ಡವರ ಆಜ್ಞೆಯಿಂದ ಬರುವುದಿಲ್ಲ ಅನ್ನುವುದು ಅವರ ಅಭಿಪ್ರಾಯ. ಪೀಠಿಕೆಯ ‘ನಾವು, ಭಾರತದ ಜನತೆ’ ಅನ್ನುವ ಮಾತಿನ ಅರ್ಥ ಒಂದು ಮಗುವಿಗೆ ಮೊದಲ ಸಲ ಅಲ್ಲಿ ಹೊಳೆಯುತ್ತದೆ ಅಂತ ನಾನು ನಂಬುತ್ತೇನೆ.

ನಮ್ಮ ಶಾಲೆಯಲ್ಲೇ ನಡೆದದ್ದು ಹೇಳುತ್ತೇನೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಕಾಲು ಸರಿ ಇಲ್ಲ. ಲಗೋರಿಯಲ್ಲಿ ಓಡಲು ಆಗುವುದಿಲ್ಲ. ಅವನನ್ನು ಕೂರಿಸಿ ಆಡುತ್ತಿದ್ದರು. ನಾನು ಏನೂ ಹೇಳಲಿಲ್ಲ, ಕಾದೆ. ಕೆಲವು ದಿನಗಳಲ್ಲಿ ಮಕ್ಕಳೇ ಒಂದು ನಿಯಮ ಮಾಡಿದರು. ಬಿದ್ದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವ ಕೆಲಸ ಅವನದು. ಅವನಿಗೆ ಚೆಂಡು ಬಡಿದರೂ ಔಟಿಲ್ಲ, ಆದರೆ ಅವನ ಸುತ್ತ ಇಬ್ಬರು ಕಾವಲು ನಿಲ್ಲಬೇಕು, ಅವರಿಗೆ ಬಡಿದರೆ ಅವರು ಔಟ್. ಎದುರು ತಂಡಕ್ಕೆ ಇದು ಅನ್ಯಾಯ ಅನ್ನಿಸಿತು. ಚರ್ಚೆಯಾಯಿತು, ಟೂ ಬಿಟ್ಟದ್ದಾಯಿತು, ಮತ್ತೆ ಸೇರಿದರು. ಕೊನೆಗೆ ದಿನ ಬಿಟ್ಟು ದಿನ ಅವನು ಒಂದೊಂದು ತಂಡದಲ್ಲಿ ಆಡಬೇಕು ಅಂತ ತೀರ್ಮಾನವಾಯಿತು. ಈಗ ಕಲ್ಲು ಪೇರಿಸುವುದರಲ್ಲಿ ಅವನನ್ನು ಮೀರಿಸುವವರು ಇಲ್ಲ. ಅವನು ತಮ್ಮ ತಂಡದಲ್ಲಿ ಇರಲಿ ಅಂತ ಎರಡೂ ಕಡೆಯವರು ಕಾಯುತ್ತಾರೆ. ಹೀಗೆ ಮಾಡಿ ಅಂತ ನಾನು ಹೇಳಿದ್ದರೆ ಅವರು ನನ್ನ ಎದುರಿಗೆ ಮಾತ್ರ ಮಾಡುತ್ತಿದ್ದರು.

ಚಿಕ್ಕ ತಂಗಿ, ತಮ್ಮ ಜೊತೆಗೆ ಬಂದಾಗ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ನೀವೂ ನಾವೂ? ಆ ಮಗು ಔಟಾದರೂ ಓಡುತ್ತಲೇ ಇರುತ್ತಿತ್ತು. ಯಾರೂ ತಕರಾರು ಮಾಡುತ್ತಿರಲಿಲ್ಲ. ಚಿಕ್ಕವರನ್ನು ಬಿಟ್ಟು ಹೋಗಬಾರದು ಅಂತ ಯಾವ ಪುಸ್ತಕದಲ್ಲಿ ಓದಿದ್ದೆವು ನಾವು? ಈಗ ಅದೇ ಮಾತನ್ನು ಆಟದ ಪೀರಿಯಡ್‌ಗೆ ಹಚ್ಚಿದ್ದೇವೆ. ವೇಳಾಪಟ್ಟಿಯಲ್ಲಿ ಇರುತ್ತದೆ, ಲೆಕ್ಕಕ್ಕೆ ಇರುವುದಿಲ್ಲ. ಪಾಠ ಉಳಿದರೆ ಆಟದಲ್ಲಿ ಕಡಿತ. ಮಳೆ ಬಂದರೆ ಕಡಿತ. ಅಧಿಕಾರಿಗಳು ಬರುತ್ತಾರೆ ಅಂದರೆ ಕಡಿತ. ತಪ್ಪು ಮಾಡಿದ ಮಗುವಿಗೆ ಕೊಡುವ ಮೊದಲ ಶಿಕ್ಷೆಯೂ ‘ಇವತ್ತು ಆಟಕ್ಕೆ ಬಿಡಲ್ಲ’. ಈ ಶಿಕ್ಷೆಯನ್ನು ನಮ್ಮ ಶಾಲೆಯಲ್ಲಿ ಇನ್ನು ಯಾರೂ ಕೊಡಬಾರದು ಅಂತ ನನ್ನ ಒತ್ತಾಯ. ಒಂದು ಕಡೆ ಕೂರಲು ಆಗದೆ ಚಡಪಡಿಸುವ ಮಗುವಿಗೇ ಓಡಾಟ ಎಲ್ಲರಿಗಿಂತ ಜಾಸ್ತಿ ಬೇಕು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಮೂರನೇ ತರಗತಿಯವರೆಗೆ ಎಲ್ಲರೂ ಒಟ್ಟಿಗೆ ಓಡುತ್ತಾರೆ. ನಾಲ್ಕಕ್ಕೆ ಬಂದ ಮೇಲೆ ಹುಡುಗರು ಬ್ಯಾಟು ಹಿಡಿದು ಇಡೀ ಮೈದಾನ ತಮ್ಮದು ಮಾಡಿಕೊಳ್ಳುತ್ತಾರೆ. ಹುಡುಗಿಯರು ಜಗಲಿಯ ಮೇಲೆ ಕೂರುತ್ತಾರೆ. ಮನೆಯಲ್ಲಿ ಅವರಿಗೆ ಆಟಕ್ಕೆ ಸಮಯವೇ ಇಲ್ಲ. ನೀರು, ಕಸ, ತಮ್ಮನನ್ನು ನೋಡಿಕೊಳ್ಳುವುದು, ಇದರಲ್ಲೇ ಸಂಜೆ ಮುಗಿಯುತ್ತದೆ. ಶಾಲೆಯ ಆ ಮುಕ್ಕಾಲು ಗಂಟೆಯನ್ನೂ ತೆಗೆದರೆ ಹತ್ತು ವರ್ಷದ ಹುಡುಗಿಗೆ ಇಡೀ ದಿನದಲ್ಲಿ ತನ್ನದು ಅನ್ನುವ ಹೊತ್ತು ಎಲ್ಲಿ ಉಳಿಯಿತು? ಅದಕ್ಕೇ ವಾರದಲ್ಲಿ ಎರಡು ದಿನ ಯಾವ ಆಟ ಅಂತ ಹುಡುಗಿಯರೇ ತೀರ್ಮಾನ ಮಾಡುತ್ತಾರೆ, ಹುಡುಗರು ಅದನ್ನೇ ಆಡಬೇಕು. ಹೆಚ್ಚಾಗಿ ಖೊಖೊ ಆರಿಸುತ್ತಾರೆ, ಗೆಲ್ಲುತ್ತಾರೆ ಕೂಡ. ಇದರ ಬಗ್ಗೆ ಮನೆಯಲ್ಲಿ ದೂರು ಹೇಳುವ ಹುಡುಗರ ಅಪ್ಪಂದಿರು ದಯವಿಟ್ಟು ಮಗನ ಪರ ವಹಿಸಿಕೊಂಡು ಬರಬೇಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಎಸ್‌ಡಿಎಂಸಿಯಲ್ಲಿ ಇದು ಮುಖ್ಯ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಅದರ 29ನೇ ಸೆಕ್ಷನ್ ಓದಿ. ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಹೊಂದಿರಬೇಕು ಅಂತ ಅಲ್ಲಿದೆ. ಚಟುವಟಿಕೆ, ಹುಡುಕಾಟ, ಅನ್ವೇಷಣೆಯಿಂದ ಮಗು ಕಲಿಯಬೇಕು ಅಂತ ಅದೇ ಸೆಕ್ಷನ್ನಿನಲ್ಲಿದೆ. ಮಗುವನ್ನು ಭಯ, ಆಘಾತ, ಆತಂಕದಿಂದ ಬಿಡಿಸಬೇಕು ಅಂತಲೂ ಅಲ್ಲೇ ಇದೆ. ಮೌಲ್ಯ ಮತ್ತು ಆಟದಂಥ ಕಲಿಕೆ ಎರಡನ್ನೂ ಕಾಯ್ದೆ ಒಂದೇ ಉಸಿರಿನಲ್ಲಿ ಹೇಳಿದೆ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಏನೇನು ಇರಬೇಕು ಅಂತ ಪಟ್ಟಿ ಇದೆ: ಕೋಣೆ, ಕುಡಿಯುವ ನೀರು, ಶೌಚಾಲಯ, ಅಡುಗೆ ಮನೆ, ಮತ್ತು ಆಟದ ಮೈದಾನ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನೂ ವಿಶ್ರಾಂತಿಯನ್ನೂ ಮಗುವಿನ ಹಕ್ಕು ಅನ್ನುತ್ತದೆ. ಓದಿನಲ್ಲಿ ಮುಂದಿರುವ ಮಗುವಿಗೆ ಬಹುಮಾನವಾಗಿ ಆಟ ಕೊಡಿ ಅಂತ ಅಲ್ಲೆಲ್ಲೂ ಇಲ್ಲ.

ಇಂಗ್ಲಿಷ್ ಬಗ್ಗೆ ನಿಮ್ಮ ಆಸೆ ಸಣ್ಣದಲ್ಲ. ನಮ್ಮ ಶಾಲೆಯಲ್ಲೂ ಇಂಗ್ಲಿಷ್ ನಲಿ-ಕಲಿ ಕಾರ್ಡುಗಳಿವೆ. ಅದಕ್ಕೆ ಇನ್ನೂ ಹೆಚ್ಚು ಗಮನ ಕೊಡಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿದ ಮಗು ‘ಎ-ಪಿ-ಪಿ-ಎಲ್-ಇ’ ಅನ್ನುತ್ತದೆ, ‘ನನಗೆ ನೀರು ಬೇಕು’ ಅಂತ ಇಂಗ್ಲಿಷಿನಲ್ಲಿ ಕೇಳಲು ಬರುವುದಿಲ್ಲ. ಅಂಗಡಿ ಆಟ ಆಡಿಸಿದರೆ, ಒಬ್ಬರು ಅಂಗಡಿಯವರು, ಒಬ್ಬರು ಕೊಳ್ಳುವವರು ಆದರೆ, ಮಗು ಮೂರು ತಿಂಗಳಲ್ಲಿ ಬೆಲೆ ಕೇಳುತ್ತದೆ, ಚಿಲ್ಲರೆ ಕೇಳುತ್ತದೆ. ಇಂಗ್ಲಿಷಿಗಾಗಿ ಬೆಳಗಿನ ಹೊತ್ತಿನಲ್ಲಿ ಅರ್ಧ ಗಂಟೆ ಹೆಚ್ಚು ಕೊಡಲು ನಾನು ಸಿದ್ಧ. ಆಟದ ಪೀರಿಯಡ್‌ನಿಂದ ಅದನ್ನು ಕೇಳಬೇಡಿ. ಮಗ್ಗಿಯೂ ಬೇಕು. ಮೂರನೇ ತರಗತಿಯಲ್ಲಿ ಮಗ್ಗಿ ಬಾಯಿಗೆ ಬಂದರೆ ಮುಂದಿನ ಲೆಕ್ಕ ಹಗುರ. ಅದನ್ನು ಕುಂಟೆಬಿಲ್ಲೆಯ ಮನೆಗಳಲ್ಲಿ 3, 6, 9 ಬರೆದು ಕುಣಿಸಿಯೂ ಕಲಿಸಬಹುದು, ಕಲಿಸುತ್ತಿದ್ದೇವೆ.

ನಮ್ಮಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗಿರುತ್ತಾರೆ. ಶಿಕ್ಷಕರು ಸಾಲದಿದ್ದರೆ ಅಲ್ಲಿ ಆಟ ಗದ್ದಲವಾಗುತ್ತದೆ, ಕಲಿಕೆ ಆಗುವುದಿಲ್ಲ. ಕಾರ್ಡುಗಳು ಹರಿದು ಹೋದರೆ ಹೊಸದು ಬರುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಮೂರು ವರ್ಷ ನೆಲದ ಮೇಲೆ ಗುಂಪಿನಲ್ಲಿ ಕಲಿತ ಮಗು ನಾಲ್ಕನೇ ತರಗತಿಗೆ ಹೋದ ದಿನವೇ ದಪ್ಪ ಪುಸ್ತಕ ಹಿಡಿದು ಬೆಂಚಿನ ಮೇಲೆ ಸುಮ್ಮನೆ ಕೂರಬೇಕು. ಆ ಬದಲಾವಣೆ ಮಕ್ಕಳಿಗೆ ಕಷ್ಟ. ನೀವು ‘ಕಲಿತಿಲ್ಲ’ ಅನ್ನುವ ಎಷ್ಟೋ ಮಕ್ಕಳು ಅಲ್ಲಿ ಎಡವಿದವರು. ಸಿಟ್ಟು ಮಾಡುವುದಿದ್ದರೆ ಇದರ ಮೇಲೆ ಮಾಡಿ. ಕಾಯಂ ಶಿಕ್ಷಕರು ಬೇಕು, ಕಾರ್ಡುಗಳು ಜೂನ್‌ನಲ್ಲೇ ಬರಬೇಕು, ನಾಲ್ಕು-ಐದನೇ ತರಗತಿಗೂ ಚಟುವಟಿಕೆ ಸಾಮಗ್ರಿ ಬೇಕು ಅಂತ ಎಸ್‌ಡಿಎಂಸಿ ಒಂದು ನಿರ್ಣಯ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಲಿ. ಇಂಥ ಮಾತು ಪೋಷಕರ ಸಹಿಯೊಂದಿಗೆ ಹೋದರೆ ಅದರ ತೂಕವೇ ಬೇರೆ.

ಈಗ ಮೈದಾನ. ಸಮುದಾಯ ಭವನ ಬೇಡ ಅಂತ ನಾನು ಹೇಳುವುದಿಲ್ಲ. ಮದುವೆ, ತಿಥಿ, ಸಂಘದ ಸಭೆಗೆ ಊರಿಗೆ ಒಂದು ಜಾಗ ಬೇಕು. ಬೇರೆ ಜಾಗ ಹುಡುಕಿ. ಆ ಮೈದಾನ ನೋಡಲು ಖಾಲಿ ಕಾಣುತ್ತದೆ, ಅಷ್ಟೇ. ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಅದು ನಮ್ಮ ದೊಡ್ಡ ಕೋಣೆ. ಅರ್ಧ ಕಟ್ಟಡವಾದರೆ ಉಳಿದ ಅರ್ಧದಲ್ಲಿ ಶಾಮಿಯಾನ, ಪಾತ್ರೆ, ವಾಹನ ನಿಲ್ಲುತ್ತವೆ. ಮದುವೆಯ ಮಾರನೆಯ ದಿನ ಎಲೆ, ಪ್ಲಾಸ್ಟಿಕ್ ಲೋಟದ ನಡುವೆ ಮಕ್ಕಳು ಪ್ರಾರ್ಥನೆಗೆ ನಿಲ್ಲಬೇಕಾಗುತ್ತದೆ. ಬೇರೆ ಕಡೆ ಅನೇಕ ಪಂಚಾಯಿತಿಗಳು ನರೇಗಾ ಕೆಲಸದಲ್ಲಿ ಶಾಲೆಗಳಿಗೆ ಮೈದಾನ ಮಾಡಿಕೊಟ್ಟಿವೆ. ನಾವು ಇರುವ ಮೈದಾನವನ್ನು ಕಳೆದುಕೊಳ್ಳುವ ಮಾತಾಡುತ್ತಿದ್ದೇವೆ.

ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ಮಕ್ಕಳ ಗ್ರಾಮಸಭೆ ನಡೆಸುತ್ತೀರಿ ಅಲ್ವಾ? ಈ ವಿಷಯವನ್ನು ಅಲ್ಲಿ ಇಡಿ. ಭವನದ ನಕ್ಷೆ ತಂದು ತೋರಿಸಿ. ಮಕ್ಕಳ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಅವರು ಏನು ಹೇಳುತ್ತಾರೆ ಅಂತ ನಾನು ಮೊದಲೇ ಹೇಳಿಕೊಡುವುದಿಲ್ಲ. ಅದಕ್ಕಿಂತ ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಬರುವ ಶನಿವಾರ ಬೆಳಗಿನ ಶಾಲೆ. ಅವತ್ತು ಒಂಬತ್ತು ಗಂಟೆಗೆ ಎಲ್ಲರೂ ಬನ್ನಿ. ಹಾಲು ಹಾಕಿಯೇ ಬನ್ನಿ, ಅವಸರ ಬೇಡ. ಕೋಣೆಯಲ್ಲಿ ಚೌಕಾಬಾರ, ಅಳಗುಳಿಮಣೆ, ಐದು ಕಲ್ಲು ಇಟ್ಟಿರುತ್ತೇವೆ. ಹೊರಗೆ ಲಗೋರಿ. ಒಂದು ಮನೆಯಿಂದ ಒಬ್ಬರಾದರೂ ನಿಮ್ಮ ಮಗುವಿನ ಎದುರು ಕೂತು ಒಂದು ಆಟ ಪೂರ್ತಿ ಆಡಿ. ಬೇಕಂತ ಸೋಲಬೇಡಿ. ಆಡುವಾಗ ಮಗು ಏನೇನು ಲೆಕ್ಕ ಹಾಕುತ್ತದೆ, ಮೋಸ ಆದಾಗ ಏನು ಹೇಳುತ್ತದೆ, ಸೋತಾಗ ಹೇಗಿರುತ್ತದೆ, ನೋಡಿಕೊಳ್ಳಿ. ಅಜ್ಜಿಯರಿಗೆ ಗೊತ್ತಿರುವ ಹಳೆಯ ಆಟಗಳಿದ್ದರೆ ಹೇಳಿಕೊಡಿ. ಮನೆಯಲ್ಲಿ ಹಳೆಯ ಅಳಗುಳಿಮಣೆ ಅಟ್ಟದ ಮೇಲೆ ಬಿದ್ದಿದ್ದರೆ ಶಾಲೆಗೆ ಕೊಡಿ. ಗಾಡಿಯ ಹಳೆ ಟೈರು, ಹಗ್ಗ, ಹುಣಸೆ ಬೀಜ, ಕವಡೆ ಎಲ್ಲಕ್ಕೂ ಇಲ್ಲಿ ಕೆಲಸ ಇದೆ. ಮೈದಾನದ ಮೂಲೆಯಲ್ಲಿ ಗಾಜಿನ ಚೂರು, ಮುಳ್ಳು ಇದೆ. ನಾಲ್ಕು ಜನ ಗುದ್ದಲಿ ತಂದರೆ ಅವತ್ತೇ ತೆಗೆಯಬಹುದು.

ಹನ್ನೊಂದಕ್ಕೆ ಸಭೆ. ಆಟದ ಪೀರಿಯಡ್, ಕಾಪಿ, ಮೈದಾನ ಮೂರರ ಬಗ್ಗೆಯೂ ನಿಮ್ಮ ತಕರಾರು ಏನಿದ್ದರೂ ಅಲ್ಲಿ ಹೇಳಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ಮಕ್ಕಳ ನೋಟ್‌ಬುಕ್, ಪ್ರಗತಿ ನೋಟ ಎಲ್ಲವನ್ನೂ ಮೇಜಿನ ಮೇಲೆ ಇಟ್ಟಿರುತ್ತೇನೆ. ತೀರ್ಮಾನ ಅವತ್ತೇ ಆಗಿ ನಡಾವಳಿಯಲ್ಲಿ ಬರೆಯೋಣ.

ನಿಮ್ಮ ಮಕ್ಕಳ ಮಿಸ್,
ನಲಿ-ಕಲಿ ಶಿಕ್ಷಕಿ
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ